ಮೂಗರ್ಜಿ

…ಅಲ್ಲ ತಂಗಿ, ನಿನ್ನ ಇಸ್ತ್ರಿ ಪೆಟ್ಟಿಗೆಯ ಕೆಂಡ ಆರಿಹೋಗುತ್ತೆ, ಗಾಡಿ ಹತ್ರ ಯಾರೂ ಇಲ್ಲ, ಆ ವಕೀಲರ ಬಿಳಿ ಶರ್ಟು ಯಾರಾದ್ರೂ ಎತ್ಕೊಂಡು ಹೋದ್ರೆ? ಲಕೋಟೆ ಇಲ್ಲಿಟ್ಟು ಹೋಗು, ಸಂಜೆ ನಿಧಾನಕ್ಕೆ ಓದಿ ಹೇಳ್ತೀನಿ ಅಂತಿದ್ರೆ… ಕೂತೇಬಿಟ್ಟೆಯಾ! ಸರಿ, ಕೂತ್ಕೋ. ಆ ಸ್ಟೂಲಿಗೆ ಒಂದು ಕಾಲು ಗಿಡ್ಡ, ಎಡಕ್ಕೆ ವಾಲಬೇಡ. ಹೋದ ವಾರ ಒಬ್ಬರು ವಾಲಿ, ಸೀದಾ ನನ್ನ ಶಾಯಿ ಬಾಟಲಿ ಮೇಲೆ ಬಿದ್ದು, ಅರ್ಜಿ ಕೊಡೋಕೆ ಬಂದವರು ನೀಲಿ ಮೂತಿ ಹೊತ್ಕೊಂಡು ಮನೆಗೆ ಹೋದ್ರು! ನಗು ಬರಲಿಲ್ವಾ? ಇದಕ್ಕೆ ಎಲ್ಲರೂ ನಗ್ತಾರಪ್ಪ.

ಹ್ಞೂಂ… ಕನ್ನಡಕ ಎಲ್ಲಿ? ಓ, ಹಣೆ ಮೇಲೇ ಇದೆ.

ಆದ್ರೂ ನಿನ್ನ ಮೇಲೆ ನಂಗೆ ಸ್ವಲ್ಪ ಮುನಿಸಿದೆ, ಈಗಲೇ ಹೇಳಿಬಿಡ್ತೀನಿ. ಮೂವತ್ತು ವರ್ಷದಿಂದ ಈ ಕಚೇರಿ ಗೇಟಿನ ಪಕ್ಕ ಮೇಜು ಹಾಕ್ಕೊಂಡು ಕೂತಿದೀನಿ. ಬರೆಯೋಕೆ ಬಾರದವರ ಅರ್ಜಿ ಎಲ್ಲಾ ಈ ಕೈಯಿಂದಲೇ ಆಗಬೇಕು. ನಿಂಗೂ ಎರಡು ಸಲ ಬರ್ಕೊಟ್ಟೆ ತಾನೇ? ಎಂಥಾ ಅರ್ಜಿ ಅವು! ‘ಮಹಾಪ್ರಭುಗಳ ಸನ್ನಿಧಾನದಲ್ಲಿ ಬಡ ಅಬಲೆಯಾದ ನಾನು ಕೈಮುಗಿದು, ಕಣ್ಣೀರಿಟ್ಟು…’ ಓದಿದವನ ಕರುಳು ಚುರುಕ್ ಅನ್ನಬೇಕು! ಅನ್ನಲಿಲ್ಲ, ಅದು ಬೇರೆ ವಿಷಯ. ಆದ್ರೆ ಮೂರನೇ ಸಲ ಏನು ಮಾಡಿದೆ ನೀನು? ನನ್ನ ಕಣ್ಣೆದುರೇ ರಸ್ತೆ ದಾಟಿ ಹೋಗಿ ಲೈಬ್ರರಿ ಮೇಡಂ ಹತ್ರ ಬರೆಸಿದೆ. ನೋಡಿದೆ ಬಿಡು ಆ ಅರ್ಜೀನ. ನಾಲ್ಕೇ ಸಾಲು! ‘ಮನೆ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದೀರಿ. ಯಾವ ಕಾಗದ ನೋಡಿ ತೆಗೆದಿರಿ? ಎಲ್ಲದರ ನಕಲು ಕೊಡಿ.’ ಮುಗೀತು! ಕೈಮುಗಿಯೋದಿಲ್ಲ, ಕಣ್ಣೀರಿಲ್ಲ, ಮಹಾಪ್ರಭು ಇಲ್ಲ. ಅರ್ಜಿಯಾ ಅದು? ಅಂಗಡಿ ಮುಂದೆ ನಿಂತು ಒಂದು ಕೆಜಿ ಈರುಳ್ಳಿ ಕೊಡಿ ಅಂದ ಹಾಗಿದೆ!

ಇದು ನೆಟ್ಟಗೆ ಕಸದ ಬುಟ್ಟಿಗೆ ಅಂದ್ಕೊಂಡೆ. ನೋಡಿದ್ರೆ ಇಪ್ಪತ್ತೆಂಟನೇ ದಿನ ಉತ್ತರ! ಅಬ್ಬಬ್ಬಾ! ಬಡವರ ಕಾರ್ಡು ಇದ್ರೆ ಇಂಥ ಅರ್ಜಿಗೆ ಶುಲ್ಕಾನೂ ಇಲ್ಲವಂತೆ. ನನ್ನ ಕಣ್ಣೀರಿನ ಅರ್ಜಿ ಕಡೆ ಎರಡು ವರ್ಷ ಯಾರೂ ಕಣ್ಣೆತ್ತಿ ನೋಡಲಿಲ್ಲ, ಈ ಈರುಳ್ಳಿ ಅರ್ಜಿಗೆ ಮೊಹರು ಹಾಕಿದ ಲಕೋಟೆ! ಬೇಡಿಕೊಂಡ್ರೆ ಕೊಡದೋರು ಕೇಳಿದ್ರೆ ಕೊಡ್ತಾರೆ ಅಂತಾದ್ರೆ ನನ್ನ ಕಸುಬಿನ ಗತಿ ಏನು, ನೀನೇ ಹೇಳು.

ಸರಿ, ಸರಿ, ಓದ್ತೀನಿ. ಮೇಜು ಕುಟ್ಟಬೇಡ.

ಒಂದನೇ ಪುಟ. ‘ಮಾಹಿತಿ ಹಕ್ಕಿನಡಿ ತಾವು ಕೋರಿದ…’ ತಾವು! ಕೇಳಿಸ್ಕೊಂಡೆಯಾ? ನಿಂಗೆ ತಾವು ಅಂತಾರೆ! ಇದೇ ಕಚೇರಿ ಜವಾನ ಹೋದ ವರ್ಷ ‘ಏಯ್ ಇಸ್ತ್ರಿ, ಆಚೆ ನಿಲ್ಲು’ ಅಂದಿದ್ದ. ನಿಂಗೇನೂ ಅನ್ನಿಸಲ್ವಾ? ನಂಗಾಗಿದ್ರೆ ಈ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕ್ತಿದ್ದೆ. ‘ತಾವು ಕೋರಿದ ಮಾಹಿತಿಯನ್ನು ಒಟ್ಟು ನಾಲ್ಕು…’ ಅಂ… ‘ಕೆಲವು ಪುಟಗಳಲ್ಲಿ ನೀಡಲಾಗಿದೆ.’ ಕೆಳಗೆ ಅಧಿಕಾರಿ ಸಹಿ. ಸಹಿ ನೋಡು, ಎರೆಹುಳ ಹರಿದಾಡಿದ ಹಾಗೆ.

ಎರಡನೇ ಪುಟ. ಕಚೇರಿ ಟಿಪ್ಪಣಿ. ‘ಬಡವರಿಗಾಗಿ ಕಟ್ಟಿಸಿದ ನಲವತ್ತು ಮನೆಗಳ ಪಟ್ಟಿಯಲ್ಲಿ, ನಲವತ್ತನೇ ಕ್ರಮಾಂಕದ ಮಹಿಳೆಗೆ ಈಗಾಗಲೇ ಎರಡಂತಸ್ತಿನ ಸ್ವಂತ ಮನೆ ಇರುವುದಾಗಿ ದೂರು ಬಂದಿದ್ದು, ಸ್ಥಳ ಪರಿಶೀಲನೆ ನಡೆಸಿ, ಹೆಸರನ್ನು ಕೈಬಿಡಲಾಗಿದೆ.’ ಸ್ಥಳ ಪರಿಶೀಲನೆಯಂತೆ! ಯಾವ ಸ್ಥಳ? ಕುರ್ಚಿಯಿಂದ ಕ್ಯಾಂಟೀನಿನವರೆಗೆ! ಎರಡಂತಸ್ತಂತೆ! ನೀನಿರೋದು ಯಾರದೋ ಮನೆ ಮೆಟ್ಟಿಲ ಕೆಳಗಿನ ಗೂಡಲ್ಲಿ. ದೊಡ್ಡ ಮಗಳು ಉದ್ದ ಬೆಳೆದಿದಾಳೆ, ನೆಟ್ಟಗೆ ನಿಲ್ಲೋಕಾಗದೆ ಬಗ್ಗಿಕೊಂಡೇ ಜಡೆ ಹಾಕ್ಕೊಳ್ತಾಳೆ ಅಂತ ನೀನೇ ಹೇಳಿದ್ದೆ. ತಲೆ ಮೇಲೆ ಹತ್ತಿ ಇಳಿಯೋರನ್ನೂ ಲೆಕ್ಕಕ್ಕೆ ಹಿಡಿದ್ರೆ ನಿಂಗೆ ಎರಡೇನು, ಮೂರಂತಸ್ತು… ಹೂಂ. ತಮಾಷೆ ಮಾಡೋ ವಿಷಯ ಅಲ್ಲ ಇದು. ತಪ್ಪಾಯ್ತು.

ಇನ್ನುಳಿದದ್ದು ಪಟ್ಟಿ. ಹೆಸರು ಕೈಬಿಟ್ಟ ಮೇಲೆ ಮಾಡಿದ ಹೊಸ ಪಟ್ಟಿ. ನಲವತ್ತು ಹೆಸರು ಓದ್ತಾ ಕೂತ್ರೆ ಇಬ್ಬರಿಗೂ ನಿದ್ದೆ ಬರುತ್ತೆ. ಅಲ್ಲಿಗೆ ಆಯ್ತು, ಮೂರು ಪುಟ. ಮಡಚಿಡ್ಲಾ?

ಏನದು, ನಾಲ್ಕು ಬೆರಳು? ನಾಲ್ಕು ಟೀ ಹೇಳ್ಬೇಕಾ? ಇರೋದು ಇಬ್ಬರು, ನಾಲ್ಕು ಯಾಕೆ? …ಪುಟ ನಾಲ್ಕಾ! ಎಲ್ಲಿ, ನೋಡೋಣ. ಒಂದು, ಎರಡು, ಮೂರು. ಗಾಳಿಗೆ ಹಾರಿರಬೇಕು. ಈ ರಸ್ತೆ ಗಾಳಿ ಅಂದ್ರೆ ಗಾಳಿ… ಎಲೆ ಅಲ್ಲಾಡ್ತಿಲ್ಲ ಅಂತ ಮರ ತೋರಿಸ್ತೀಯಾ! ಆಗ ಬೀಸ್ತಿತ್ತು, ಈಗ ನಿಂತಿದೆ. ನನ್ನ ಕೆಳಗೆ ಯಾಕೆ ನೋಡ್ತೀಯ? ದಿಂಬು ಅದು, ಸೊಂಟ ನೋವಿಗೆ ಡಾಕ್ಟರು ಹೇಳಿದ್ದು. ದಿಂಬಿನ ಕೆಳಗಾ? ದಿಂಬಿನ ಕೆಳಗೆ ಕುರ್ಚಿ ಇರುತ್ತೆ, ಕುರ್ಚಿ ಕೆಳಗೆ ನೆಲ ಇರುತ್ತೆ, ಇನ್ನೇನಿರುತ್ತೆ? …ತಡಿ, ತಡಿ, ಏಳ್ತೀನಿ, ಎಳೀಬೇಡ… ಅರೆ! ಅರೆರೆ! ಇದು ಇಲ್ಲಿಗೆ ಹೇಗೆ ಬಂತು? ನೋಡು ತಂಗಿ, ಈ ಕಾಲದಲ್ಲಿ ಕಾಗದಕ್ಕೂ ಕಾಲು ಬಂದಿದೆ!

ನಗ್ಬಾರ್ದು ಅಂತ ಹರಕೆ ಹೊತ್ಕೊಂಡು ಬಂದಿದೀಯ ಇವತ್ತು.

ಆಯ್ತು. ಮೂರನೇ ಪುಟ. ದೂರಿನ ನಕಲು. ಓದಲೇಬೇಕಾ? ‘ಸದರಿ ಹೆಂಗಸು ಬಡವಳಂತೆ ನಟಿಸುತ್ತಾ… ಗಂಡನ ಊರಿನಲ್ಲಿ ಎರಡಂತಸ್ತಿನ ಮನೆ ಹೊಂದಿದ್ದು… ಮಹಾಪ್ರಭುಗಳು ಕೃಪೆಮಾಡಿ, ನಿಜವಾದ ಬಡವರ ಕಣ್ಣೀರು ಒರೆಸಬೇಕಾಗಿ…’ ಛೇ ಛೇ, ಎಂಥಾ ಸುಳ್ಳು! ಆದ್ರೆ ಶೈಲಿ ಮಾತ್ರ… ಬರೆದವನು ಪಳಗಿದ ಕೈ ಅನ್ಸುತ್ತೆ. ಕೊನೇಲಿ ‘ಇಂತಿ, ಸಾರ್ವಜನಿಕರ ಹಿತೈಷಿ.’ ಹೆಸರಿಲ್ಲ, ಸಹಿ ಇಲ್ಲ, ವಿಳಾಸ ಇಲ್ಲ. ಇಂಥಾದ್ದಕ್ಕೆ ಮೂಗರ್ಜಿ ಅಂತಾರೆ. ಯಾರು ಕೊಟ್ರು ಅಂತ ಅರ್ಜೀನೂ ಬಾಯಿ ಬಿಡಲ್ಲ, ಕಚೇರಿಯೋರೂ ಬಾಯಿ ಬಿಡಲ್ಲ. ಅಷ್ಟೇ. ಇದರ ಮೂಲ ಹುಡುಕೋದು ಆ ದೇವರ ಕೈಲೂ ಆಗಲ್ಲ.

ಬೆರಳು ತೆಗಿ ತಂಗಿ, ಮಸಿ ಆಗುತ್ತೆ. ಆ ಮೂಲೇಲಾ? ಅಲ್ಲೇನಿಲ್ಲ. ಶಾಯಿ ಚೆಲ್ಲಿರೋದು. …ಏನು ತೆಗೀತಿದೀಯ ಚೀಲದಿಂದ? ಓ… ನಾನು ಬರ್ಕೊಟ್ಟ ಹಳೇ ಅರ್ಜಿ. ಎರಡನ್ನೂ ಜೋಪಾನವಾಗಿ ಇಟ್ಕೊಂಡಿದೀಯ, ಒಂದು ಸುಕ್ಕಿಲ್ಲ. ಪಕ್ಕದಲ್ಲಿ ಇಡ್ತೀಯಾ? ಇಡು. ಮೂರು ಕಾಗದ, ಮೂರರ ಮೂಲೇಲೂ ಅದೇ ಸುರುಳಿ.

ನಿಂಗೆ ಅಕ್ಷರ ಬರಲ್ಲ ಅಂತ ಎಷ್ಟು ಧೈರ್ಯವಾಗಿದ್ದೆ ನಾನು! ಅಕ್ಷರ ಬಾರದೋರಿಗೆ ಕಣ್ಣು ಇರುತ್ತೆ ಅನ್ನೋದೇ ಮರೆತಿದ್ದೆ. ಅದು ‘ಬಿಕ್ಕಲಂ’ ಕಣಮ್ಮ. ಈ ಕಾಗದ ಬರೆದ ಕೈ ಇದು ಅಂತ ಬರವಣಿಗೆಯವರು ಕೊನೇಲಿ ಹಾಕೋ ಮಾತು. ಕೆಳಗೆ ಒಂದು ಪುಟ್ಟ ಸಹಿ. ನಮ್ಮಪ್ಪ ಕಲಿಸಿದ್ದು, ಬಿಕ್ಕಲಂ ಇಲ್ಲದ ಕಾಗದ ತಂದೆ ಇಲ್ಲದ ಕೂಸು ಅಂತಿದ್ರು. ಕೈಗೆ ರೂಢಿ ಆಗಿಹೋಗಿದೆ, ಕೇಳದೇ ಹಾಕಿಬಿಡುತ್ತೆ. ಮೂಗರ್ಜಿಗೆ ಬಿಕ್ಕಲಂ ಹಾಕಿದ ಮೊದಲನೇ ದಡ್ಡ ನಾನೇ ಇರಬೇಕು! ಮುಸುಕು ಹಾಕ್ಕೊಂಡು ಕಳ್ಳತನಕ್ಕೆ ಹೋಗಿ, ಬರುವಾಗ ಮನೆ ವಿಳಾಸ ಬರೆದಿಟ್ಟು ಬಂದ ಹಾಗೆ!

ಸರಿ, ಬರೆದೆ. ಬರೆದೆ ಅಂದ್ರೆ ಏನೀಗ? ನನ್ನ ಕಸುಬೇ ಅದು. ನಿನ್ನ ಹತ್ರ ಯಾರ ಶರ್ಟು ಬಂದ್ರೂ ಇಸ್ತ್ರಿ ಹಾಕಲ್ವಾ? ಕಳ್ಳಂದು ಬೇಡ, ಒಳ್ಳೆಯೋನ್ದು ಮಾತ್ರ ಕೊಡಿ ಅಂತೀಯಾ? ಹಾಗೇ ಇದೂನೂ. ಯಾರು ಬರೆಸಿದ್ದು ಅಂತಾನಾ? ಯಾರೋ ಒಬ್ಬ ಆಸಾಮಿ, ದಪ್ಪಗೆ ಇದ್ದ. ಇದೇ ಸ್ಟೂಲಲ್ಲಿ ಕೂತಿದ್ದ. ತೆಳ್ಳಗಿದ್ದಿದ್ರಿಂದ ಸ್ಟೂಲು ಅಲ್ಲಾಡಲೇ ಇಲ್ಲ. …ದಪ್ಪ ಅಂದೆನಾ? ಮೀಸೆ ದಪ್ಪ, ಆಳು ತೆಳ್ಳಗೆ. ಬಂದ, ಬರೆಸಿದ, ಹೋದ. ನಾನು ಮುಖಾನೂ ನೋಡಲಿಲ್ಲ. ಮುಖ ನೋಡದೆ ಮೀಸೆ ಹೇಗೆ… ಹಾ, ನಕ್ಕೆ! ಕಡೆಗೂ ನಕ್ಕೆಯಲ್ಲ ಮಾರಾಯ್ತಿ!

…ನಗು ಅಲ್ವಾ ಅದು.

ಹಾಗೆ ನನ್ನನ್ನೇ ನೋಡ್ತಾ ಕೂರಬೇಡ ತಂಗಿ. ಬಯ್ಯಿ. ಬೀದಿ ಕೇಳೋ ಹಾಗೆ ಬಯ್ಯಿ, ಬೇಡ ಅನ್ನಲ್ಲ. ಬಯ್ದ್ರೆ ನಾನೂ ಒಂದೆರಡು ಮಾತಾಡಿ ಹಗುರ ಮಾಡ್ಕೊಳ್ತೀನಿ. ಆ ಪಟ್ಟಿ ಯಾಕೆ ಮುಂದಕ್ಕೆ ತಳ್ತಿದೀಯ? ಅದರಲ್ಲೇನೂ ಇಲ್ಲ ಅಂದೆನಲ್ಲ, ಬರೀ ಹೆಸರು… ಬೆರಳು ಸೀದಾ ಕೊನೇ ಸಾಲಿಗೇ ಹೋಯ್ತಲ್ಲ. ನಲವತ್ತು ಸಾಲಿನಲ್ಲಿ ಅದೊಂದೇ ಸಾಲಿನ ಮೇಲೆ. ಓದೋಕೆ ಬಾರದ ಬೆರಳು ಅದು ಹೇಗೆ…

ಓಹ್.

ಲೈಬ್ರರಿ ಮೇಡಂ. ಅವರ ಹತ್ರ ಮೊದಲೇ ಓದಿಸ್ಕೊಂಡಿದೀಯ. ಒಂದೊಂದು ಪುಟ, ಒಂದೊಂದು ಸಾಲು. ಎಲ್ಲಾ ಗೊತ್ತಿದ್ದೂ, ಕೆಂಡ ಆರಿದ್ರೆ ಆರಲಿ ಅಂತ ಇಲ್ಲಿ ಬಂದು ಕೂತಿದೀಯ. ನನ್ನ ಬಾಯಿಂದಲೇ ಕೇಳಬೇಕು ಅಂತ.

ಕೇಳು ಹಾಗಾದ್ರೆ. ಓದ್ತೀನಿ. ‘ಕ್ರಮಾಂಕ ನಲವತ್ತು. ಮೊದಲು ನಲವತ್ತೊಂದರಲ್ಲಿದ್ದವರನ್ನು ಮೇಲಕ್ಕೆ ತರಲಾಗಿದೆ.’ ಹೆಸರು… ಹೆಸರು ಬೇಡ, ಆ ಹೆಸರು ಇಟ್ಟೋನೇ ನಾನು. ‘ತಂದೆಯ ವೃತ್ತಿ, ಅರ್ಜಿ ಬರವಣಿಗೆ.’

ಯಾವ ದಪ್ಪನೆಯವನೂ ಬರಲಿಲ್ಲ ತಂಗಿ, ತೆಳ್ಳನೆಯವನೂ ಬರಲಿಲ್ಲ. ನಾನೇ ಹೇಳಿದೆ, ನಾನೇ ಬರೆದೆ. ಮಗಳು ಗಂಡನ್ನ ಬಿಟ್ಟು ಕೂಸನ್ನ ಎತ್ಕೊಂಡು ಬಂದು ಮೂರು ವರ್ಷ ಆಗಿತ್ತು. ನನ್ನದು ಒಂದೇ ಕೋಣೆ. ಒಂದೇ ಒಂದು ನಂಬರಿಗೆ ತಪ್ಪಿಹೋಯ್ತಲ್ಲ ಅಂತ ಹೊಟ್ಟೆ ಉರೀತಿತ್ತು. ಆ ಒಂದು ನಂಬರು ನೀನು ಅಂತ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ಆಮೇಲೆ ನೀನು ಇದೇ ಸ್ಟೂಲಲ್ಲಿ ಕೂತು, ಅಣ್ಣಾ, ನನ್ನ ಹೆಸರು ಯಾಕೋ ತೆಗೆದುಬಿಟ್ಟಿದಾರೆ ಅಂತ ಅತ್ತುಬಿಟ್ಟೆ, ನಾನು ಕಣ್ಣೀರಿನ ಅರ್ಜಿ ಬರ್ಕೊಟ್ಟೆ. ಎರಡು ಸಲ. ಅದಕ್ಕೆ ಉತ್ತರ ಬರಲ್ಲ ಅಂತ ಗೊತ್ತಿದ್ದೇ. ಮಗಳಿಗೆ ಇದೇನೂ ಗೊತ್ತಿಲ್ಲ, ಅವಳನ್ನ ಏನೂ ಅನ್ನಬೇಡ. ನಂಗೆ ನಾಚಿಕೆ ಆಗ್ತಿದೆ ತಂಗಿ, ಈ ಮೇಜಿನ ಕೆಳಗೆ ತೂರಿಕೊಳ್ಳೋಣ ಅನ್ನಿಸುವಷ್ಟು.

ಇನ್ನೂ ಒಂದಿದೆ. ಅದು ಯಾವ ಪುಟದಲ್ಲೂ ಇಲ್ಲ, ಮೇಡಂಗೂ ಗೊತ್ತಿರಲ್ಲ. ಹೋದ ತಿಂಗಳು ನಿನ್ನ ಹತ್ರ ಇಸ್ತ್ರಿಗೆ ನಾಲ್ಕು ಹಳದಿ ಪರದೆ ತಂದಿದ್ದೆನಲ್ಲ, ಮಗಳು ಬಾಡಿಗೆ ಮನೆ ಮಾಡಿದಾಳೆ ಅಂತ ಸುಳ್ಳು ಹೇಳಿ. ಹೊಸ ಮನೆಗೆ ನನ್ನ ಕಡೆಯಿಂದ ಅಂತ ನೀನು ದುಡ್ಡೂ ತಗೊಳ್ಳದೆ, ಮಧ್ಯಾಹ್ನ ಎಲ್ಲಾ ನಿಂತು, ಒಂದು ಮಡಿಕೆ ಮುರೀದ ಹಾಗೆ ಇಸ್ತ್ರಿ ಹಾಕಿ ಕೊಟ್ಟೆ. ಅವು ಈಗ ನಿನ್ನ ಮನೆ ಕಿಟಕೀಲೇ ಇವೆ ತಂಗಿ.