ಅಡ್ಡಗಾಲಣ್ಣನ ಮುಂದೆ ನಿಂತ ಗಾಡಿ

ಸೇರಿರುವ ಹಿರಿಯರಿಗೆ, ನಮ್ಮ ಗೋದಾಮಿನ ಗೆಳೆಯರಿಗೆ, ಮುಂದಿನ ಸಾಲಿನಲ್ಲಿರುವ ಅತ್ತಿಗೆಗೆ, ಅವರ ಮಗಳಿಗೆ — ನಮಸ್ಕಾರ. ನಾನು ಭಾಷಣಕಾರನಲ್ಲ, ನಮ್ಮನ್ನು ಬಿಟ್ಟುಹೋದ ಅಣ್ಣನ ಜೊತೆ ಸರಕು ಇಳಿಸಿಕೊಂಡಿದ್ದವನು. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಗಾಡಿ ಅವರನ್ನು ಮುಟ್ಟಿಲ್ಲ. ಇನ್ನೊಮ್ಮೆ ಹೇಳುತ್ತೇನೆ — ಮುಟ್ಟಿಲ್ಲ.

ನಮ್ಮಲ್ಲಿ ಪೆಟ್ಟಿಗೆ ಸಾಗಿಸುವುದು ಚಾಲಕನಿಲ್ಲದ ಗಾಡಿಗಳು. ಎದುರಿಗೆ ಯಾರಾದರೂ ಬಂದರೆ ಗುರುತಿಸಿ, ಡಿಕ್ಕಿಯಾಗುವ ಮೊದಲೇ ನಿಲ್ಲಬೇಕು. ಆ ಪ್ರೋಗ್ರಾಂ ಬರೆದವಳು ಅವರ ಮಗಳು. ಕಳೆದ ವಾರ ಅವರು ಅಂಥದೇ ಗಾಡಿಯ ಮುಂದೆ ಬಿದ್ದಿದ್ದರು. ಅಷ್ಟೇ ಸಾಕಾಯಿತು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ಮಗಳು ಮಾಡಿದ ಗಾಡಿಯೇ ಅಪ್ಪನನ್ನು ನುಂಗಿತು ಎಂದರು. ಈ ಹುಡುಗಿ ಅಂದಿನಿಂದ ಊಟ ನಿದ್ದೆ ಬಿಟ್ಟಳು. ನಾನು ಎಷ್ಟು ಹೇಳಿದರೂ, ಸಮಾಧಾನಕ್ಕೆ ಹೇಳುತ್ತಿದ್ದೀರಿ ಎಂದಳು.

ಇಂದು ಬೆಳಿಗ್ಗೆ ಶವಪರೀಕ್ಷೆ ಮಾಡಿದ ವೈದ್ಯರೇ ಅಣ್ಣನ ಮನೆಗೆ ಬಂದು ಹೇಳಿದರು. ಹೃದಯಾಘಾತ. ಮೈಮೇಲೆ ಗಾಡಿಯ ಒಂದು ಗೀರೂ ಇಲ್ಲ. ಉಸ್ಸಪ್ಪಾ — ಎದೆಯ ಮೇಲಿನ ಭಾರ ಇಳಿಯಿತು. ಇಂಥ ಸಭೆಯಲ್ಲಿ ಹೇಳಬಾರದೇನೋ, ಆದರೂ ಹೇಳುತ್ತೇನೆ, ನನಗೆ ಇವತ್ತು ನೆಮ್ಮದಿಯಾಗಿದೆ.

ಅವರಿಗೆ ನಾವಿಟ್ಟ ಹೆಸರು ಅಡ್ಡಗಾಲಣ್ಣ. ಹೊಸ ಗಾಡಿ ಬಂದರೆ ಸಾಕು, ಹೋಗಿ ಅಡ್ಡ ನಿಲ್ಲುತ್ತಿದ್ದರು. ನಿಂತು ನೋಡಿದರು, ಕುಕ್ಕರುಗಾಲಲ್ಲಿ ಕೂತು ನೋಡಿದರು, ಗಾಡಿ ನಿಂತಿತು. ಕೊನೆಗೆ ಒಂದು ದಿನ ಉದ್ದಕ್ಕೆ — ಹೀಗೆ — ನೆಲದ ಮೇಲೆ ಮಲಗಿಬಿಟ್ಟರು. ಗಾಡಿ ಅವರನ್ನೂ ನೆಲವೆಂದುಕೊಂಡು ಬರುತ್ತಲೇ ಇತ್ತು! ಗಾಡಿ ನಿಲ್ಲಿಸುವ ಗುಂಡಿಯ ಮೇಲೆ ಕೈಯಿಟ್ಟು ಕಾದಿದ್ದ ಮಗಳೇ ನಿಲ್ಲಿಸಬೇಕಾಯಿತು. ದಾರಿಯಲ್ಲಿ ಯಾರಪ್ಪಾ ಮಲಗುತ್ತಾರೆ ಎಂದು ರೇಗಿದಳು.

“ಯಾರೂ ಮಲಗಲ್ಲಮ್ಮ, ಬೀಳ್ತಾರೆ,” ಎಂದರು ಇವರು. “ಬಿದ್ದೋರೂ ಅದರ ಕಣ್ಣಿಗೆ ಕಾಣಬೇಕು.”

ಮುಖ ಊದಿಸಿಕೊಂಡಳು. ಆದರೂ ಕೂತು ಎಲ್ಲವನ್ನೂ ತಿದ್ದಿದಳು. ಅಪ್ಪ ಮಗಳ ಜಗಳ ನೋಡುವುದೇ ನಮಗೊಂದು ಮಜಾ.

ಕಳೆದ ವಾರ ಅವರು ಬಿದ್ದ ದಿನ ಗಾಡಿ ಗೇಣು ದೂರದಲ್ಲಿ ನಿಂತು, ಕೂಗತೊಡಗಿತು. ಆ ಕೂಗು ಕೇಳಿಯೇ ನಾನು ಓಡಿದ್ದು. ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಉಸಿರಿತ್ತು. ಕಣ್ಣು ತೆರೆದು ಗಾಡಿಯ ಕಡೆ ನೋಡಿದರು.

“ನಿಂತಿದೆಯಲ್ಲೋ,” ಎಂದರು. “ಬೈಕೊಂಡೇ ಸರಿ ಮಾಡಿದ್ಲು, ನೋಡು.”

ಅದೇ ಕೊನೆಯ ಮಾತು. ಅದರಲ್ಲಿ ಎಂಥ ಜಂಬ ಇತ್ತು ಗೊತ್ತೇ! ನಾನು ಕಿವಿಯಾರೆ ಕೇಳಿದ್ದೇನೆ.

ದಯಮಾಡಿ ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಯಾರೂ ಮಾತಾಡುವುದು ಬೇಡ. ನಾವೆಲ್ಲ ತಲೆ ಬಾಗೋಣ. ಮಗಳೇ, ನೀನು ಬೇಡ — ಅಮ್ಮನ ಕೈ ಹಿಡಿದುಕೊಂಡು ತಲೆ ಎತ್ತಿ ನಿಲ್ಲು.