ಮೀಸೆ ತಾಗುವ ಬಾಗಿಲು

...ನಗಬೇಡ ಕಣೇ. ಅಳಿಯಂದಿರ ಮೂಗಿನ ತುದಿ ಕಪ್ಪಾಯ್ತು ಅಂತ ನೀನು ಹೀಗೆ ಹಾಸಿಗೆ ಮೇಲೆ ಬಿದ್ದು ನಕ್ಕರೆ ಪಕ್ಕದ ರೂಮಿಗೆ ಕೇಳಿಸುತ್ತೆ. ಪಾಪ, ಭಕ್ತಿಯಿಂದ ಕಲ್ಲಿಗೆ ಮುತ್ತಿಟ್ಟವರು. ಮುತ್ತಿಡುವಾಗ ಮೂಗನ್ನ ಎಲ್ಲಿ ಬಿಚ್ಚಿಡೋಕಾಗುತ್ತೆ?

ಕಾಲು ಚಾಚು, ಮಂಡಿಗೆ ದಿಂಬು ಕೊಡ್ತೀನಿ. ನೀನು ಲಾಡ್ಜಲ್ಲೇ ಉಳಿದು ಏನು ಕಳಕೊಂಡೆ ಅಂತ ಕೇಳು. ಬಸ್ಸಿನಲ್ಲಿ ಬಂದ ಯಾತ್ರಿಕರೆಲ್ಲ ಕುರಿಮಂದೆ ಥರ ಗೈಡ್ ಹಿಂದೆ ಹೋದರು. ನಮಗ್ಯಾಕೆ ಗೈಡು? ಅಳಿಯಂದಿರೇ ಅಂದರು, ಮಾವನವರು ಮದುವೆಗೆ ಮುಂಚೆಯೇ ನಡಕೊಂಡು ಬಂದು ಈ ಸಂತರ ಸಮಾಧಿ ಮುಟ್ಟಿದವರು, ಅವರಿಗಿಂತ ದೊಡ್ಡ ಗೈಡ್ ಎಲ್ಲಿದ್ದಾರೆ ಅಂತ. ನಾನು ಕೊಡೆ ಎತ್ತಿ ಹಿಡಿದು ಮುಂದೆ ನಡೆದೆ ನೋಡು... ನಾನು ಆಗ ಬಂದಾಗ ಇಗರ್ಜಿಯ ಗಂಟೆ ತಾನಾಗಿ ಹೊಡಕೊಂಡಿತ್ತಲ್ಲ, ಪಾದ್ರಿ ಊಟ ಬಿಟ್ಟು ಓಡಿ ಬಂದು ಯಾರಪ್ಪ ಬಂದದ್ದು ಅಂತ ನೋಡಿದ್ದು... ಹೂಂ, ಅದೇ ಕಥೆ. ನಿನಗೆ ಬಾಯಿಪಾಠ. ಮಗಳು ಮಾತ್ರ ಚಿಕ್ಕವಳಿದ್ದಾಗಿನ ಹಾಗೇ ಕೇಳ್ತಾ ಬಂದಳು.

ಸಂತರ ಬಾಗಿಲು ಎಷ್ಟು ಕಿರಿದು ಅಂದರೆ ನನ್ನ ಮೀಸೆ ಎರಡೂ ಕಡೆ ಗೋಡೆಗೆ ತಾಗಿತ್ತು ಅಂತ ಹೇಳ್ತಿರ್ತೀನಲ್ಲ? ಹಾಗೇ ಇತ್ತು. ಒಂದು ಗಲ್ಲಿಯ ಕೊನೆಯ ಅಂಗಳದಲ್ಲಿ, ತಗ್ಗಾಗಿ, ಮಸಿ ಹಿಡಿದ ಕಲ್ಲಿನ ಕಮಾನು. ಇದೇ ಅಂದೆ. ಎಷ್ಟು ಕಾಲದ ಮೇಣದಬತ್ತಿ ಹೊಗೆಯೋ ಅಂತ ಅಳಿಯಂದಿರು ಮುತ್ತಿಟ್ಟರು. ಮಗಳು ಮಂಡಿಯೂರಿ ಎರಡೂ ಅಂಗೈ ಒಳಗೆ ಚಾಚಿ ಕಲ್ಲಿಗೆ ಒತ್ತಿದಳು. ಸಂತರ ಕಲ್ಲು ಮುಟ್ಟದೆ ಎದೆ ಆಪರೇಷನ್ನಿಗೆ ಆಸ್ಪತ್ರೆ ಮೆಟ್ಟಿಲು ಹತ್ತಲ್ಲ ಅಂತ ಹಟ ಹಿಡಿದವಳಲ್ಲವಾ... ಎಷ್ಟು ಬೆಚ್ಚಗಿದೆ ಅಪ್ಪ, ಅಂದಳು. ನಿಜಕ್ಕೂ ಬೆಚ್ಚಗಿತ್ತು ಕಣೇ ಕಲ್ಲು!

ಅಷ್ಟರಲ್ಲಿ ಅಂಗಳದ ಮನೆಯೊಳಗಿಂದ ಒಬ್ಬ ಬಂದ. ಮೊಣಕೈವರೆಗೆ ಹಿಟ್ಟು. ಅವನು ಬಾಯಿ ತೆರೆಯೋ ಮೊದಲೇ ನಾನು ಗದರಿಸಿದೆ, ಟೋಪಿ ತೆಗೀರಿ, ಸಂತರ ಎದುರು ನಿಂತಿದೀರಿ ಅಂತ. ತೆಗೆದೇಬಿಟ್ಟ. ಕೈ ಬೇರೆ ಮುಗಿದ. ಜಪ ಮುಗಿಯೋವರೆಗೂ ನಮ್ಮ ಜೊತೆ ನಿಂತಿದ್ದ...

ನಗು, ನಗು. ಹೊರಡುವಾಗ ಈ ಬನ್ನು ಕಟ್ಟಿಕೊಟ್ಟ. ಆಶೀರ್ವಾದದ ರೊಟ್ಟಿ ಅಂತ ಎಲ್ಲರಿಗೂ ಹಂಚಿದೆ. ನಿನ್ನ ಪಾಲು ತಗೋ. ಯಾಕೆ ಮೂಸಿ ನೋಡ್ತಿದೀಯ?

ಯಾಕೆ ಕೆಳಗಿಟ್ಟೆ?

ಸಮಾಧಿ ಕಾಯೋನಿಗೂ ಹೊಟ್ಟೆ ಇರುತ್ತೆ ಕಣೇ, ರೊಟ್ಟಿ ತಟ್ಟಿಕೊಳ್ತಾ ಇದ್ದಿರಬಹುದು... ಸರಿ. ಸರಿ. ಬೇಕರಿಯವನು. ಬೆಳಗಿನ ಬ್ರೆಡ್ಡು ಬೇಯಿಸಿ ಆರೋಕೆ ಬಿಟ್ಟ ಒಲೆ ಅದು. ನನ್ನನ್ನ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ, ಅಜ್ಜ, ಸಮಾಧಿ ಇರೋದು ಗಡಿಯಾರದ ಗೋಪುರದ ಹಿಂದೆ, ಸಂಜೆ ಗಂಟೆ ಹೊಡೆದ ಕೂಡಲೇ ಬಾಗಿಲು ಹಾಕಿಬಿಡ್ತಾರೆ ಅಂತ. ಒಳ್ಳೆಯವನು, ನಗಲಿಲ್ಲ. ಹೇಳಿಬಿಡೋಣ ಅಂತಲೇ ಈ ಕಡೆ ತಿರುಗಿದೆ. ಮಗಳು ನನ್ನ ತೋಳು ಹಿಡಕೊಂಡು, ಇನ್ನು ಭಯ ಇಲ್ಲ ಅಪ್ಪ, ಅಂದಳು. ಆ ಮುಖ ನೋಡಿ ನೀನಾಗಿದ್ದರೆ ಹೇಳ್ತಿದ್ದೆಯಾ?

ಈಗ ನೆಮ್ಮದಿಯಾಗಿ ಮಲಗಿದಾಳೆ. ಸಂಜೆ ಬಸ್ಸು ಹತ್ತಿದರೆ ಮುಗೀತು.

ದಿಂಬು ಯಾಕೆ ಸರಿಸಿದೆ? ಈಗ ತಾನೆ ಅಷ್ಟು ನಗ್ತಿದ್ದೆ.

ಊರೇ ಬದಲಾಗಿಬಿಟ್ಟಿದೆ, ನಾನೇನು ಮಾಡಲಿ? ನಾನು ಬಂದಾಗ ಆ ಗಡಿಯಾರದ ಗೋಪುರ ಇರಲೇ ಇಲ್ಲ... ಕಿಟಕಿಯಿಂದ ಏನು ನೋಡ್ತೀಯ? ಗೊತ್ತು, ಗೋಪುರಕ್ಕೆ ಪಾಚಿ ಕಟ್ಟಿದೆ. ನಮ್ಮಜ್ಜನ ಅಜ್ಜನ ಕಾಲದ್ದೇ ಇರಬಹುದು.

ಹಾಗೆ ನೋಡಬೇಡ ನನ್ನನ್ನ.

ಓದಿಲ್ಲ ಬರೆದಿಲ್ಲ, ಆದರೂ ಹುಡುಗ ಸಂತರ ಸಮಾಧಿ ಮುಟ್ಟಿ ಬಂದವನು ಅಂತ ತಾನೆ ನಿಮ್ಮಪ್ಪ ನಿನ್ನನ್ನ ಕೊಟ್ಟಿದ್ದು. ಆ ಗಂಟೆ ಕಥೆ ಕೇಳಿ ಅವರ ಕಣ್ಣಲ್ಲಿ ನೀರು ಬಂತು. ನೀನು ಬಾಗಿಲ ಹಿಂದೆ ಕಿಸಕ್ಕಂದಿದ್ದು ನನಗೆ ಕೇಳಿಸಿತ್ತು...

ಅಲ್ಲ, ಅದು ಬರೀ ಕಥೆ ಅಂತ ಆವತ್ತೇ ಗೊತ್ತಾಗಿತ್ತಾ ನಿನಗೆ?

ಆವತ್ತೇ? ಇಷ್ಟು ವರ್ಷ, ಹೇಳಿದಾಗೆಲ್ಲ ಹೂಂಗುಟ್ಟಿದೆಯಲ್ಲೇ...

ಯಾಕೆ ಏಳ್ತಿದೀಯ? ಮಂಡಿ ನೋವು ಅಂದೆ. ಚಪ್ಪಲಿ ಯಾಕೆ? ಅವಳನ್ನ ಎಬ್ಬಿಸ್ತೀಯಾ? ಏನಂತ ಹೇಳ್ತೀಯ ಅವಳಿಗೆ?

ತಡಿ. ನಾನೇ ಎಬ್ಬಿಸ್ತೀನಿ. ನಾನೇ ಹೇಳ್ತೀನಿ. ಅಳಿಯಂದಿರು ಮೂಗು ತೊಳಕೊಳ್ಳಲಿ ಮೊದಲು. ಗೋಪುರವೇನೋ ಇಲ್ಲಿಂದಲೇ ಕಾಣುತ್ತೆ, ಆದರೆ ಆ ಗಲ್ಲಿಗಳು... ಕೆಳಗೆ ಲಾಡ್ಜಿನವರು ಕೂತಿದಾರೆ. ಕೇಳ್ತೀನಿ ಬಿಡು, ಅದನ್ನೂ ನಾನೇ ಕೇಳ್ತೀನಿ.

ದಾರಿ ಗೊತ್ತಿಲ್ಲದವರು ಏನಂತ ಕೇಳ್ತಾರೆ ಕಣೇ?