ಬ್ಯಾಗಿನ ಪಟ್ಟಿ

ಎಕ್ಸ್-ರೇ ಕೋಣೆಯ ಹೊರಗೆ ಊದಿದ ಮಣಿಕಟ್ಟು ಹಿಡಿದು ಕೂತಿದ್ದ ದರ್ಜಿಗೆ ಪಕ್ಕದ ಗಂಡಹೆಂಡಿರ ಮಾತು ಕೇಳುವ ಆಸೆಯೇನೂ ಇರಲಿಲ್ಲ. ಆದರೆ ಎರಡು ಕಿವಿ ಮುಚ್ಚಿಕೊಳ್ಳಲು ಅವನಿಗಿದ್ದದ್ದು ಒಂದೇ ಕೈ. ಬೆಳಿಗ್ಗೆ ಹೊಲಕ್ಕೆ ಅಪ್ಪಳಿಸಿದ ಹಳೇ ಪುಟ್ಟ ವಿಮಾನದಲ್ಲಿದ್ದವರು ಇವರೇ ಎಂದು ನರ್ಸ್ ಆಗಲೇ ಹೇಳಿದ್ದಳು. ವಿಮಾನ ಹಾರಿಸುತ್ತಿದ್ದ ಗಂಡನ ತೋಳನ್ನು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿದ್ದರು. ಹೆಂಡತಿಯ ತೊಡೆಯ ಮೇಲೆ ಉದ್ದ ಪಟ್ಟಿಯ ಬ್ಯಾಗಿತ್ತು.

“ವಿಚಾರಣೆಗೆ ಬಂದಿದ್ದ ಆಫೀಸರಿಗೆ ಏನಂದ್ರಿ?” ಎಂದು ಹೆಂಡತಿ ಕೇಳಿದಳು.

“ಮೇಲೆ ಎಂಜಿನ್ ನಿಂತೋಯ್ತು ಅಂದೆ.”

“ಯಾಕೆ ನಿಂತಿತು ಅಂತ ಕೇಳಲಿಲ್ವಾ?”

“ಕೇಳಿದ್ರು. ನಮ್ಮಪ್ಪನ ಕಾಲದ್ದು, ವಯಸ್ಸಾಗಿತ್ತು ಅಂದೆ.”

“ಹನ್ನೊಂದು ವರ್ಷ ಒಂದೊಂದು ನಟ್ಟೂ ಬಿಚ್ಚಿ ತೊಳೆದಿದ್ರಲ್ಲ.”

“ಹೂಂ.”

“ರೀ, ನನ್ನ ಬ್ಯಾಗಿನ ಪಟ್ಟಿ ಸೀಟಿನ ಪಕ್ಕ ಎಂಜಿನ್ನಿಗೆ ಪೆಟ್ರೋಲ್ ಬಿಡೋ ಆ ನಲ್ಲಿಗೆ ಸಿಕ್ಕಿಹಾಕ್ಕೊಂಡಿತ್ತು. ಕ್ಯಾಮೆರಾ ತೆಗೆಯೋಣ ಅಂತ ಎಳೆದೆ.”

“ಗೊತ್ತು.”

“ಯಾವಾಗ ಗೊತ್ತಾಯ್ತು?”

“ನೆಲಕ್ಕೆ ಬಡಿದ ಮೇಲೆ. ನಲ್ಲಿ ಮುಚ್ಚಿತ್ತು. ಜನ ಓಡಿ ಬರೋದ್ರೊಳಗೆ ತಿರುಗಿಸಿ ಮೊದಲಿನ ಹಾಗೇ ಇಟ್ಟೆ.”

“ನಿಜ ಹೇಳಿಬಿಡಿ ಅವರಿಗೆ. ಎಂಜಿನ್ ಮೇಲೆ ಯಾಕೆ ಹಾಕ್ತೀರಿ?”

“ಅದಕ್ಕೇನು ಬೇಜಾರಾಗುತ್ತಾ?”

ಹೆಂಡತಿ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು.

“ನಿಮಗೆ?”



“ಭುಜದ ಎಕ್ಸ್-ರೇ ಯಾರದು? ಬನ್ನಿ,” ಎಂದು ಒಳಗಿನಿಂದ ಕೂಗಿದರು. ಗಂಡ ಎದ್ದು ನಿಂತ. ಅವಳು ಬಗ್ಗಿ ಅವನ ಬಿಚ್ಚಿದ್ದ ಶೂ ಲೇಸನ್ನು ಕಟ್ಟಿದಳು. ದರ್ಜಿ ಕಾಲು ಮಡಚಿ ದಾರಿ ಬಿಟ್ಟ. ಬಾಗಿಲ ಬಳಿ ಅವಳು ನಿಂತು, ಬ್ಯಾಗಿನ ಪಟ್ಟಿಯನ್ನು ಒಂದಿಷ್ಟೂ ಜೋತಾಡದ ಹಾಗೆ ಮುಷ್ಟಿಗೆ ಬಿಗಿಯಾಗಿ ಸುತ್ತಿಕೊಂಡು, ಅವನ ಹಿಂದೆ ಒಳಗೆ ಹೋದಳು.